ಪ್ಲಾಸ್ಟರ್ ಬಿಚ್ಚಿದ ಮೇಲಿನ ಕತೆ

ಮೊನ್ನೆ ಒಂದು ಭಾನುವಾರ ಡೊಂಬಿವಿಲಿಯಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಒಳಗೆ ನೀರುದೋಸೆ ಹೊಯ್ಯುತ್ತಿದ್ದರು, ನಾವಿಬ್ಬರೂ ಟಿವಿ ಮುಂದೆ. ಕ್ರಿಕೆಟ್ ನಡೆಯುತ್ತಿತ್ತು. ಓಡಿ ಬರುತ್ತಿದ್ದ ಬೌಲರ್ ಒಬ್ಬ ಅರ್ಧದಲ್ಲೇ ನಿಂತು ತೊಡೆಯ ಹಿಂಭಾಗ ಹಿಡಿದುಕೊಂಡ. ಕ್ಷಣವೂ ಆಗಿಲ್ಲ, ಗೆರೆಯಾಚೆಯಿಂದ ಹೆಗಲಿಗೆ ಚೀಲ ಹಾಕಿಕೊಂಡ ಮನುಷ್ಯನೊಬ್ಬ ಓಡಿ ಬಂದ. ಮಂಡಿಯೂರಿ ಕೂತ, ಕಾಲನ್ನು ಮೆಲ್ಲಗೆ ಎತ್ತಿ ನೋಡಿದ, ಏನೋ ಕೇಳಿದ, ಮತ್ತೆ ಕೈಹಿಡಿದು ಹೊರಗೆ ಕರೆದುಕೊಂಡು ಹೋದ.

ಅಣ್ಣ ಲೋಟ ಕೆಳಗಿಟ್ಟು ಹೇಳಿದ: "ನೋಡು ಮಾರಾಯ, ನಮ್ಮ ಕಾಲಕ್ಕೆ ಇಂಥವ ಒಬ್ಬ ಇರ್ಲಿಲ್ಲ. ಇದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿದ.

ಅವನ ಬಲಗಾಲಿನ ಮಂಡಿ 1994ರಿಂದ ಪೂರ್ತಿ ಮಡಚುವುದಿಲ್ಲ. ನಾನು ಆಗ ಏನೂ ಹೇಳಲಿಲ್ಲ. ಆದರೆ ವಾಪಸ್ ಬರುವಾಗ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಯೋಚನೆಗೂ ಜಾಗ ಸಿಕ್ಕಿತು. ಅಣ್ಣ ಹೇಳಿದ್ದು ಸರಿಯಲ್ಲ. ಅಂಥವನು ನಮ್ಮ ಕಾಲಕ್ಕೂ ಇದ್ದ. ಮೈದಾನದಲ್ಲಿ ಇರಲಿಲ್ಲ ಅನ್ನುವುದು ನಿಜ. ಆದರೆ ಅವನಿದ್ದಲ್ಲಿಗೆ ಹೋಗಲು ನಮ್ಮ ಕೈಗೆ ಚೀಟಿ ಕೊಟ್ಟಿದ್ದರು. ನಾವು ಹೋಗಲಿಲ್ಲ. ಆ ಚೀಟಿ ಇವತ್ತಿಗೂ ನನ್ನ ಹಳೆ ಫೈಲಿನಲ್ಲಿದೆ. ಬ್ಯಾಂಕಿನವನಲ್ಲವೇ, ಕಾಗದ ಬಿಸಾಡುವ ಅಭ್ಯಾಸವಿಲ್ಲ.

ಆ ಚೀಲದ ಮನುಷ್ಯ ಎಲ್ಲಿಂದ ಬಂದ ಅಂತ ಆಮೇಲೆ ಒಂದಿಷ್ಟು ಓದಿದೆ. ಓದಿದ್ದನ್ನು ನಿಮ್ಮ ಜತೆ ಹಂಚಿಕೊಳ್ಳೋಣ ಅನ್ನಿಸಿತು. ಅವನ ಕತೆ ಕ್ರೀಡಾಂಗಣದಲ್ಲಿ ಬೆಳೆದದ್ದಲ್ಲ, ಅದೇ ನನಗೆ ಆಶ್ಚರ್ಯದ ಸಂಗತಿ.

ಶುರುವಾದದ್ದು ಮಾತ್ರ ಆಟದ ಮನೆಯಲ್ಲೇ. ಸ್ವೀಡನ್ನಿನಲ್ಲಿ ಪೆಹ್ರ್ ಹೆನ್ರಿಕ್ ಲಿಂಗ್ ಅಂತ ಒಬ್ಬರಿದ್ದರು. ಕತ್ತಿವರಸೆ ಕಲಿಸುವ ಮೇಷ್ಟ್ರು. 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವರ ವ್ಯಾಯಾಮ ಸಂಸ್ಥೆ ಆರಂಭವಾಯಿತು. ಅಲ್ಲಿ ಸೈನಿಕರಿಗೆ, ಶಾಲೆಯವರಿಗೆ ಕಸರತ್ತು ಕಲಿಸುವುದರ ಜತೆಗೆ ರೋಗಿಗಳಿಗಾಗಿಯೇ ಬೇರೆ ವ್ಯಾಯಾಮದ ಕ್ರಮ ಇತ್ತು. ಮೈ ನೀವುವುದು, ಕೀಲುಗಳನ್ನು ಆಡಿಸುವುದು ನಮ್ಮ ಗರಡಿಯ ಉಸ್ತಾದರಿಗೂ ಗೊತ್ತಿದ್ದ ವಿದ್ಯೆಯೇ. ಲಿಂಗ್ ಅದನ್ನು ಪಾಠ, ಪರೀಕ್ಷೆ, ಪದವಿ ಇರುವ ಶಿಕ್ಷಣವನ್ನಾಗಿ ಮಾಡಿದರು.

ಮುಂದೆ ಲಂಡನ್. 1894ರಲ್ಲಿ ನಾಲ್ವರು ಮಹಿಳೆಯರು ಸೇರಿ ತರಬೇತಾದ ಅಂಗಮರ್ದಕರ ಸಂಘ ಕಟ್ಟಿದರು. ಅದಕ್ಕೊಂದು ಕಾರಣವಿತ್ತು. ಮಸಾಜಿನ ಹೆಸರಿನಲ್ಲಿ ಬೇರೆ ಥರದ ವ್ಯಾಪಾರ ನಡೆಯುತ್ತಿದೆ ಅಂತ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಆಗ ದೊಡ್ಡ ಗಲಾಟೆಯಾಗಿತ್ತು. ತಮ್ಮ ಕೆಲಸದ ಮಾನ ಉಳಿಸಿಕೊಳ್ಳಲು ಇವರು ನಿಯಮ, ಪರೀಕ್ಷೆ ಎಲ್ಲ ಮಾಡಿಕೊಂಡರು. 1920ರಲ್ಲಿ ರಾಜಮನ್ನಣೆ ಸಿಕ್ಕಿತು. 1944ರಲ್ಲಿ ಫಿಜಿಯೋಥೆರಪಿ ಸಂಘ ಅನ್ನುವ ಈಗಿನ ಹೆಸರು ಬಂತು. ಈ ಎರಡು ಇಸವಿಗಳ ಹಿಂದೆ ಎರಡು ಮಹಾಯುದ್ಧಗಳಿವೆ ಅನ್ನುವುದನ್ನು ಗಮನಿಸಿ. ಕೈಕಾಲು ಸೋತು ಹಿಂತಿರುಗಿದ ಲಕ್ಷಾಂತರ ಹುಡುಗರನ್ನು ನಿಲ್ಲಿಸಿ ನಡೆಸಬೇಕಿತ್ತು. ಆಗ ಯಾರಿಗೂ ಇದು ಮಸಾಜಿನ ಹೆಂಗಸರ ಕೆಲಸ ಅಂತ ಮೂಗುಮುರಿಯುವ ಪುರುಸೊತ್ತಿರಲಿಲ್ಲ. ಅಮೆರಿಕದಲ್ಲೂ ಇದೇ ಕತೆ. ಮೊದಲ ಯುದ್ಧದ ಗಾಯಾಳುಗಳ ಸೇವೆ ಮಾಡಿದ ಮೇರಿ ಮೆಕ್‌ಮಿಲನ್ ಮೊದಲಾದವರು 1921ರಲ್ಲಿ ಅಲ್ಲಿನ ಸಂಘ ಕಟ್ಟಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡನೇ ಯುದ್ಧದ ಕೊನೆಯ ಒಂದು ಪ್ರಸಂಗ. ಷಿಕಾಗೋ ನಗರದ ಗಾರ್ಡಿನರ್ ಸೇನಾ ಆಸ್ಪತ್ರೆ. ಮಂಡಿಗೆ ಪೆಟ್ಟಾದ, ತೊಡೆಯ ಮೂಳೆ ಮುರಿದ ಸೈನಿಕರಿಂದ ವಾರ್ಡುಗಳು ತುಂಬಿ ಹೋಗಿದ್ದವು. ಮೂಳೆ ಕೂಡಿದರೂ ಕಾಲು ಕಡ್ಡಿಯಂತೆ ಸೊರಗಿರುತ್ತಿತ್ತು. ಹಗುರವಾದ ವ್ಯಾಯಾಮವನ್ನು ನೂರಾರು ಸಲ ಮಾಡಿಸುವುದು ಆಗಿನ ಪದ್ಧತಿ. ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಹಾಸಿಗೆ ಖಾಲಿಯಾಗುತ್ತಿರಲಿಲ್ಲ. ಅಲ್ಲಿದ್ದ ಥಾಮಸ್ ಡೆಲಾರ್ಮ್ ಎಂಬ ತರುಣ ವೈದ್ಯರು ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರ ಬಂದು ಮಲಗಿದ್ದವರು. ಎದ್ದ ಮೇಲೆ ಭಾರ ಎತ್ತಿ ಎತ್ತಿ ಮೈ ಕಟ್ಟಿಕೊಂಡಿದ್ದರು. ತನಗೆ ಆದದ್ದು ಇವರಿಗೂ ಯಾಕೆ ಆಗಬಾರದು ಅಂತ ಅವರಿಗೆ ಹೊಳೆಯಿತು. ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸಿ, ಕೂತಲ್ಲಿಂದಲೇ ಕಾಲು ನೀಡಿಸಿದರು. ಹತ್ತು ಸಲ ಎತ್ತಲು ಆಗುವಷ್ಟು ತೂಕ. ಅದು ಸುಲಭವಾದರೆ ಇನ್ನಷ್ಟು ತೂಕ.

ಪೆಟ್ಟಾದ ಮಂಡಿಗೆ ಕಬ್ಬಿಣ ಕಟ್ಟುವುದೇ! ಆಗಿನ ಕಾಲಕ್ಕೆ ಅದು ಹುಚ್ಚುತನವಾಗಿ ಕಂಡಿರಬೇಕು. ಆದರೆ ಕಾಲು ತುಂಬಿಕೊಂಡಿತು, ಬಲ ಬಂತು, ಸೈನಿಕರು ಎದ್ದು ನಡೆದರು. 1945ರಲ್ಲಿ ಡೆಲಾರ್ಮ್ ಇದನ್ನು ಮೂಳೆ ವೈದ್ಯರ ಪತ್ರಿಕೆಯಲ್ಲಿ ಬರೆದರು. 1948ರ ಹೊತ್ತಿಗೆ ಆರ್ಥರ್ ವಾಟ್ಕಿನ್ಸ್ ಜತೆ ಸೇರಿ ಅದನ್ನು ಮೂರು ಸರದಿಗೆ ಇಳಿಸಿದರು. ಮೊದಲ ಸರದಿ ಅರ್ಧ ತೂಕದಲ್ಲಿ, ಎರಡನೆಯದು ಮುಕ್ಕಾಲು ತೂಕದಲ್ಲಿ, ಮೂರನೆಯದು ಪೂರ್ತಿ ತೂಕದಲ್ಲಿ. ಪ್ರತಿ ಸರದಿಗೂ ಹತ್ತು ಸಲ. ನಿಮ್ಮ ಕಾಲೊನಿಯ ಜಿಮ್ಮಿನಲ್ಲಿ ಹುಡುಗರು ಮೂರು ಸೆಟ್, ಹತ್ತು ಹತ್ತು ಅಂತ ಎಣಿಸುತ್ತಾರಲ್ಲ, ಆ ಲೆಕ್ಕಕ್ಕೆ ದಾರಿ ಹಾಕಿದ್ದು ಯುದ್ಧದಲ್ಲಿ ಗಾಯಗೊಂಡವರ ವಾರ್ಡು.

ಅದೇ 1948ರ ಜುಲೈ 29. ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯ ದಿನ. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ 16 ಮಂದಿ ಬಿಲ್ಲು ಹಿಡಿದು ಸ್ಪರ್ಧಿಸಿದರು. ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುವುದಿಲ್ಲ, ಮಲಗಿಸಿಟ್ಟರೆ ಸಾಕು ಎಂಬ ಕಾಲದಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಅವರಿಗೆ ಆಟವನ್ನೇ ಔಷಧವಾಗಿ ಕೊಟ್ಟರು. 1960ರ ರೋಮ್ ಕೂಟದಿಂದ ಮುಂದೆ ಅದೇ ಪ್ಯಾರಾಲಿಂಪಿಕ್ಸ್ ಆಯಿತು. ಅಲ್ಲಿಂದ ಒಂದು ಎಳೆ ನಮ್ಮ ಸಾಂಗ್ಲಿ ಕಡೆಗೂ ಬರುತ್ತದೆ. ಸೇನೆಯಲ್ಲಿ ಬಾಕ್ಸಿಂಗ್ ಮಾಡುತ್ತಿದ್ದ ಮುರಳೀಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದರು. ಚಿಕಿತ್ಸೆಯ ಭಾಗವಾಗಿ ನೀರಿಗಿಳಿದವರು 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದರು. 2024ರಲ್ಲಿ ಅವರ ಮೇಲೆ ಹಿಂದಿ ಸಿನಿಮಾ ಬಂದ ಮೇಲಷ್ಟೇ ನಮ್ಮಲ್ಲಿ ಅನೇಕರಿಗೆ ಅವರ ಹೆಸರು ಗೊತ್ತಾದದ್ದು.

ಇನ್ನು ನಮ್ಮ ಮುಂಬಯಿಗೆ ಬರುತ್ತೇನೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆ ಗೊತ್ತಿಲ್ಲದ ಮುಂಬಯಿ ಕನ್ನಡಿಗನಿಲ್ಲ. ಹೋಟೆಲು ಹುಡುಗರಿಂದ ಹಿಡಿದು ಗಿರಣಿ ಕಾರ್ಮಿಕರ ತನಕ ಎಲ್ಲರೂ ಒಂದಲ್ಲ ಒಂದು ದಿನ ಅಲ್ಲಿ ಕೇಸ್‌ಪೇಪರ್ ಮಾಡಿಸಿದವರೇ. 1950ರ ದಶಕದ ಆರಂಭದಲ್ಲಿ ಈ ಊರಿನಲ್ಲಿ ಪೋಲಿಯೋ ಹಾವಳಿ ಎದ್ದಿತು. ಜ್ವರ ಇಳಿಯುವಷ್ಟರಲ್ಲಿ ಮಕ್ಕಳ ಕಾಲು ಜೋತುಬೀಳುತ್ತಿತ್ತು. ಜ್ವರಕ್ಕೆ ಡಾಕ್ಟರಿದ್ದರು, ಜ್ವರ ಹೋದ ಮೇಲಿನ ಕಾಲಿಗೆ ಯಾರಿದ್ದಾರೆ? ಭಾರತ ಸರ್ಕಾರ, ಮುಂಬಯಿ ಮಹಾನಗರಪಾಲಿಕೆ, ವಿಶ್ವ ಆರೋಗ್ಯ ಸಂಸ್ಥೆ ಮೂರೂ ಸೇರಿ 1953ರಲ್ಲಿ ಕೆ.ಇ.ಎಂ.ನಲ್ಲಿ ಫಿಜಿಯೋಥೆರಪಿ ಶಾಲೆ ತೆರೆದವು. ದೇಶದಲ್ಲೇ ಅದು ಮೊದಲನೆಯದು. 1955ರಲ್ಲಿ ಭಾರತದ ಫಿಜಿಯೋಥೆರಪಿಸ್ಟರ ಸಂಘ ಹುಟ್ಟಿತು. ಹಾಜಿ ಅಲಿಯ ಹತ್ತಿರದ ಪುನರ್ವಸತಿ ಸಂಸ್ಥೆಯೂ ಅದೇ ವರ್ಷದ್ದು.

ಅಂದರೆ ಇವತ್ತು ಕೋಟಿಗಟ್ಟಲೆ ಸಂಬಳದ ಆಟಗಾರನ ಪಕ್ಕ ಮಂಡಿಯೂರುವ ವಿದ್ಯೆ ನಮ್ಮ ದೇಶದಲ್ಲಿ ಕಾಲೂರಿದ್ದು ಬಡವರ ಮಕ್ಕಳ ಜೋತುಬಿದ್ದ ಕಾಲಿನ ಪಕ್ಕದಲ್ಲಿ. ನಾನೂ ಅಣ್ಣನೂ 1990ರ ದಶಕದಲ್ಲಿ ಲಾಲ್‌ಬಾಗಿನ ಚಾಳಿನಲ್ಲಿದ್ದೆವು. ದೇಶದ ಮೊದಲ ಫಿಜಿಯೋಥೆರಪಿ ಶಾಲೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು ಅಂತ ನನಗೆ ಗೊತ್ತಾದದ್ದು ಈಗ.

ಅಣ್ಣ ಪರೇಲಿನ ಹೋಟೆಲೊಂದರಲ್ಲಿ ಗಲ್ಲದಲ್ಲಿ ಕೂರುತ್ತಿದ್ದ. ನಾನು ಬ್ಯಾಂಕಿಗೆ ಸೇರಿ ಎರಡು ವರ್ಷ. ಅಣ್ಣನಿಗೆ ಊರಿನಿಂದಲೇ ಕಬಡ್ಡಿಯ ಮರುಳು. ಗಿರಣಗಾಂವ್ ಅಂದರೆ ಕಬಡ್ಡಿಯ ತವರು, ಸಂಜೆಯಾದರೆ ಮಣ್ಣಿನ ಅಂಕಣದಲ್ಲಿ ದೀಪ ಹಾಕಿ ಆಡುತ್ತಿದ್ದರು. ಅಣ್ಣ ರೈಡರ್. ಒಂದು ಟೂರ್ನಮೆಂಟಿನಲ್ಲಿ ಬೋನಸ್ ಗೆರೆ ಮುಟ್ಟಿ ಗಕ್ಕನೆ ತಿರುಗುವಾಗ ಪಾದ ಮಣ್ಣಿನಲ್ಲಿ ಊರಿಕೊಂಡೇ ಇತ್ತು, ಮೈ ಮಾತ್ರ ತಿರುಗಿತು. ಟಪ್ ಅಂತ ಸದ್ದು ತನಗೇ ಕೇಳಿಸಿತು ಅನ್ನುತ್ತಾನೆ. ಯಾರೋ ಕಾಲು ಎಳೆದರು, ಯಾರೋ ಎಣ್ಣೆ ಹಾಕಿ ತಿಕ್ಕಿದರು. ಮರುದಿನ ಮಂಡಿ ತೆಂಗಿನಕಾಯಿಯಷ್ಟಾಗಿತ್ತು. ಒಂದು ಆಸ್ಪತ್ರೆಗೆ ಕರೆದೊಯ್ದೆ. ಆರು ವಾರ ಪ್ಲಾಸ್ಟರ್.

ಆ ಟಪ್ ಅನ್ನುವ ಸದ್ದು ಏನೆಂದು ಈಗ ಎಲ್ಲ ಆಟಗಾರರಿಗೂ ಗೊತ್ತು. ಮಂಡಿಯ ಒಳಗೆ ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಓರೆಯಾಗಿ ಹಾದುಹೋಗುವ ಒಂದು ಗಟ್ಟಿ ಪಟ್ಟಿಯಿದೆ. ಎಸಿಎಲ್ ಅನ್ನುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ಹರಿದದ್ದನ್ನು ಹೊಲಿಯುವ ಪ್ರಯತ್ನ 1895ರಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಅವರಿಂದ ಆಗಿತ್ತು. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ಪಕ್ಕದ ಪಟ್ಟಿಯನ್ನೇ ತೆಗೆದು ಒಳಗೆ ಹೊಸದಾಗಿ ಕೂರಿಸಿದರು. 1950ರ ದಶಕದ ಕೊನೆಗೆ ಟೋಕಿಯೋದ ಮಸಾಕಿ ವಟನಾಬೆ ಸಣ್ಣ ತೂತಿನಿಂದ ಕೀಲಿನೊಳಗೆ ನೋಡುವ ಒಳ್ಳೆಯ ದರ್ಶಕ ಮಾಡಿಕೊಟ್ಟರು. ಕತ್ತರಿ ಹೀಗೆ ಮುಂದೆ ಹೋಗುತ್ತಲೇ ಇತ್ತು. ಹಿಂದೆ ಉಳಿದದ್ದು ಕತ್ತರಿ ಕೆಳಗಿಟ್ಟ ಮೇಲಿನ ಬುದ್ಧಿ. ಆಪರೇಷನ್ ಆಗಲಿ, ಆಗದಿರಲಿ, ಕಾಲನ್ನು ಪ್ಲಾಸ್ಟರಿನಲ್ಲಿಟ್ಟು ಮಲಗಿಸುವುದೇ ಎಷ್ಟೋ ವರ್ಷಗಳ ರೂಢಿಯಾಗಿತ್ತು.

ಮಲಗಿದರೆ ಏನಾಗುತ್ತದೆ? ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷೆ ಮಾಡಿದರು. ಎದ್ದಾಗ ಅವರ ದೇಹ ದುಡಿಯುವ ತಾಕತ್ತು ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷ ಬಿಟ್ಟು, ಅವರಿಗೆ ಐವತ್ತಾದಾಗ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚು ನಷ್ಟವನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು! ಓದಿ ದಂಗಾದೆ. ನಾವು ವಿಶ್ರಾಂತಿ ಅಂದರೆ ಜಮಾ ಅಂದುಕೊಂಡಿದ್ದೆವು, ಅದು ಖರ್ಚಿನ ಕಡೆಯ ಬಾಬತ್ತು.

ಕೀಲಿನ ವಿಷಯವೂ ಹಾಗೆಯೇ. ಮೂಳೆಯ ತುದಿಯ ನುಣುಪಾದ ಮೆದು ಎಲುಬಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಒಳಗಿನ ದ್ರವ ಅದಕ್ಕೆ ಆಹಾರ ಒಯ್ಯುತ್ತದೆ. ಆಡಿಸದಿದ್ದರೆ ಉಪವಾಸ. ಕೆನಡಾದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಇದನ್ನು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಪೆಟ್ಟಾದ ಕೀಲನ್ನು ನಿಧಾನವಾಗಿ ಆಡಿಸುತ್ತಲೇ ಇದ್ದರೆ ಅದು ಕಟ್ಟಿಹಾಕಿದ್ದಕ್ಕಿಂತ ಚೆನ್ನಾಗಿ ವಾಸಿಯಾಗುತ್ತದೆ ಅಂತ.

ಆಮೇಲೆ ಬಂದದ್ದು ಮಾತು ಕೇಳದ ರೋಗಿಗಳ ಕತೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡೊನಾಲ್ಡ್ ಶೆಲ್‌ಬೋರ್ನ್ ಎಸಿಎಲ್ ಆಪರೇಷನ್ ಮಾಡಿ, ತಿಂಗಳುಗಟ್ಟಲೆ ಎಚ್ಚರದಿಂದ ಇರಬೇಕು ಅಂತ ಕಟ್ಟುನಿಟ್ಟು ಹೇಳಿ ಕಳಿಸುತ್ತಿದ್ದರು. ಕೆಲವರು ಕೇಳುತ್ತಿರಲಿಲ್ಲ. ಹೇಳಿದ್ದಕ್ಕಿಂತ ಮೊದಲೇ ಕಾಲೂರಿ ನಡೆದುಬಿಡುತ್ತಿದ್ದರು. ತಪಾಸಣೆಗೆ ಬಂದಾಗ ನೋಡಿದರೆ ಅವರ ಮಂಡಿಯೇ ವಿಧೇಯರ ಮಂಡಿಗಿಂತ ಚೆನ್ನಾಗಿತ್ತು! ಬೇರೆ ಡಾಕ್ಟರಾಗಿದ್ದರೆ ಬೈದು ಕಳಿಸುತ್ತಿದ್ದರೇನೋ. ಇವರು ತಮ್ಮ ನಿಯಮವನ್ನೇ ಬದಲಿಸಿ 1990ರಲ್ಲಿ ಪಾಲ್ ನಿಟ್ಸ್ ಜತೆ ಅದನ್ನು ಪ್ರಕಟಿಸಿದರು. ಮೊದಲ ದಿನದಿಂದಲೇ ಕಾಲು ಪೂರ್ತಿ ನೇರ ಮಾಡಿಸಿ, ಬೇಗ ನಡೆಸಿ, ಬೇಗ ಬಲ ಕೊಡಿ ಅನ್ನುವ ಇವತ್ತಿನ ಪದ್ಧತಿಗೆ ಅದೇ ತಿರುವು.

ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಕತೆ ಇನ್ನೂ ತಮಾಷೆ. ಮೂಳೆ ವೈದ್ಯರು, ಓಟದ ಹವ್ಯಾಸ. ಹಿಮ್ಮಡಿಯ ಮೇಲಿನ ದಪ್ಪ ಹುರಿ, ಅಕಿಲಿಸ್, ನೋಯುತ್ತಿತ್ತು. ಆಪರೇಷನ್ ಮಾಡಿ ಅಂತ ತಮ್ಮ ಮೇಲಿನವರನ್ನು ಕೇಳಿದರು. ಅವರು ಒಪ್ಪಲಿಲ್ಲ, ಇವರಿಗೆ ಅಷ್ಟು ದಿನ ರಜೆ ಕೊಡಲು ಆಗುವುದಿಲ್ಲವಂತೆ. ಬ್ಯಾಂಕಿನವರಿಗೆ ಈ ಸಂಭಾಷಣೆ ಚೆನ್ನಾಗಿ ಅರ್ಥವಾಗುತ್ತದೆ! ಹುರಿ ಪೂರ್ತಿ ಹರಿದರೆ ಆಪರೇಷನ್ ಮಾಡಲೇಬೇಕಲ್ಲ ಅಂತ ಇವರು ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕಿಳಿಸುವ ಕಸರತ್ತನ್ನು ನೋವಿದ್ದರೂ ದಿನಾ ಮಾಡತೊಡಗಿದರು. ಹರಿಯಲಿಲ್ಲ. ವಾಸಿಯಾಯಿತು. 1998ರಲ್ಲಿ 15 ಜನ ಓಟಗಾರರ ಮೇಲೆ 12 ವಾರ ಪ್ರಯೋಗಿಸಿ ಪ್ರಕಟಿಸಿದರು. ಇಂದಿಗೂ ಆ ನೋವಿಗೆ ಫಿಜಿಯೋಗಳು ಹೇಳಿಕೊಡುವ ವ್ಯಾಯಾಮಗಳಲ್ಲಿ ಅದೊಂದು.

ಉಳುಕಿದರೆ ಐಸ್ ಇಟ್ಟು ಅಲುಗಾಡದೆ ಮಲಗು ಅನ್ನುವ ಉಪದೇಶಕ್ಕೂ ಒಬ್ಬ ಕರ್ತೃ ಇದ್ದಾರೆ. ಅಮೆರಿಕದ ಗೇಬ್ ಮಿರ್ಕಿನ್ 1978ರಲ್ಲಿ ಬರೆದ ಪುಸ್ತಕದಲ್ಲಿ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡುವುದು, ಈ ನಾಲ್ಕನ್ನೂ ಸೇರಿಸಿ 'ರೈಸ್' ಅಂತ ಹೆಸರಿಟ್ಟರು. ಲೋಕವೆಲ್ಲ ಅದನ್ನೇ ಹಾಡಿತು. ಸುಮಾರು ಮೂರೂವರೆ ದಶಕದ ಬಳಿಕ ಅದೇ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಅಂತ ತಾವೇ ಬರೆದರು. ತಮ್ಮ ಹೆಸರಿನ ಜತೆ ಅಂಟಿಕೊಂಡ ಮಾತನ್ನು ವಾಪಸ್ ತೆಗೆದುಕೊಳ್ಳುವುದಕ್ಕೂ ದೊಡ್ಡತನ ಬೇಕು.

ಹಾಗಂತ ನಾಳೆಯೇ ಎದ್ದು ಓಡಿ ಅಂತ ಅರ್ಥವಲ್ಲ. ಎಷ್ಟು ಭಾರ, ಯಾವಾಗ ಅನ್ನುವುದೇ ಈ ವಿದ್ಯೆಯ ಹೃದಯ. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನವರು ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಸಿಎಲ್ ಆಪರೇಷನ್ ಆದವರು ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದಷ್ಟೂ, ತಡ ಮಾಡಿದ ಪ್ರತಿ ತಿಂಗಳಿಗೂ ಮಂಡಿ ಮತ್ತೆ ಕೆಡುವ ಅಪಾಯ ಸುಮಾರು ಅರ್ಧಕ್ಕಿಳಿಯಿತಂತೆ. ಮೊದಲ ದಿನದಿಂದಲೇ ಕೆಲಸ ಶುರು, ಆದರೆ ಅಂಕಣಕ್ಕೆ ಇಳಿಯಲು ಒಂಬತ್ತು ತಿಂಗಳು. ನಮ್ಮವರು ಮಾಡುವುದು ಸರಿಯಾಗಿ ಇದರ ತಿರುಗು ಮುರುಗು. ಮೊದಲು ಎರಡು ತಿಂಗಳು ಅಲುಗಾಡದೆ ಮಲಗುವುದು, ಮೂರನೇ ತಿಂಗಳು ನೋವು ಹೋಯಿತು ಅಂತ ಸೀದಾ ಆಟಕ್ಕಿಳಿಯುವುದು.

ಅಣ್ಣನಿಗೆ ಪೆಟ್ಟಾದ 1994ರಲ್ಲೇ, ಪುಣೆಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಇನ್ನೊಬ್ಬ ಹುಡುಗನ ಮಂಡಿಯ ಅದೇ ಪಟ್ಟಿ ಹರಿಯಿತು. ಹೆಸರು ಪುಲ್ಲೇಲ ಗೋಪಿಚಂದ್. ಆಪರೇಷನ್ನುಗಳಾದವು, ಮತ್ತೆ ನಡೆಯುವುದರಿಂದ ಶುರು ಮಾಡಿದರು. 1996ರಿಂದ 2000ದವರೆಗೆ ಸತತ ಐದು ಸಲ ರಾಷ್ಟ್ರೀಯ ಚಾಂಪಿಯನ್. 2001ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಗೆದ್ದ ಮೇಲೆ ಆ ಕಪ್ಪು ಎತ್ತಿದ ಎರಡನೇ ಭಾರತೀಯ. ಅವರಿಗೂ ಅಣ್ಣನಿಗೂ ಪ್ರತಿಭೆಯಲ್ಲಿ ಹೋಲಿಕೆಯೇ ಇಲ್ಲ, ಗೊತ್ತು. ಆದರೆ ಹರಿದ ಪಟ್ಟಿ ಒಂದೇ, ಹರಿದ ವರ್ಷ ಒಂದೇ.

ಕುಂಬ್ಳೆಯವರದ್ದು ಇನ್ನೊಂದು ಬಗೆ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದರೂ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಬೌಲ್ ಮಾಡಿ ಲಾರಾನ ವಿಕೆಟ್ ತೆಗೆದ ಚಿತ್ರ ಕನ್ನಡಿಗರ ಮನೆಮನೆಯಲ್ಲಿದೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು ಫೋಟೋ ಇಲ್ಲದ ಸಂಗತಿ. 2001ರ ಆರಂಭದಲ್ಲಿ ಅವರ ಬಲ ಭುಜಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಲಕ್ಷ್ಮಣ್ ಮತ್ತು ಹರ್ಭಜನ್ ಮೆರೆದ ಆಸ್ಟ್ರೇಲಿಯಾ ಸರಣಿ ಕೈತಪ್ಪಿತು. ವರ್ಷದ ಕೊನೆಯ ಭಾಗದಲ್ಲಷ್ಟೇ ತಂಡಕ್ಕೆ ಮರಳಿದ್ದು. ನಡುವಿನ ಆ ತಿಂಗಳುಗಳಲ್ಲಿ ಕೈಯನ್ನು ಇಂಚಿಂಚು ಎತ್ತುವುದನ್ನು ನೋಡಲು ಯಾವ ಕ್ಯಾಮರಾವೂ ಇರಲಿಲ್ಲ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಅದಾದ ಮೇಲೆ.

ಭಾರತ ಕ್ರಿಕೆಟ್ ತಂಡದ ಜತೆ ಇಂಥ ಮನುಷ್ಯ ಕಾಣಿಸಿಕೊಂಡದ್ದೂ ತೀರ ಹಳೆಯ ಸಂಗತಿಯಲ್ಲ. 1987ರಿಂದ ಸುಮಾರು ಹತ್ತು ವರ್ಷ ಅಲಿ ಇರಾನಿ ಇದ್ದರು, 1999ರಿಂದ 2004ರವರೆಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಲೀಪಸ್. 2000ದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬಂತು. ಬರಬರುತ್ತಾ ಅದು ಗಾಯಗೊಂಡವರ ತವರುಮನೆಯೇ ಆಯಿತು. 2023ರ ಮೇ ತಿಂಗಳಲ್ಲಿ ತೊಡೆಗೆ ಪೆಟ್ಟಾಗಿ ಆಪರೇಷನ್ ಮಾಡಿಸಿಕೊಂಡ ನಮ್ಮ ಮಂಗಳೂರಿನ ಕೆ.ಎಲ್. ರಾಹುಲ್ ಅಲ್ಲಿಯೇ ಚೇತರಿಸಿಕೊಂಡು ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ 111 ಹೊಡೆದು ಅಜೇಯರಾಗಿ ಉಳಿದರು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಕಬಡ್ಡಿಯವರಿಗೂ ಮ್ಯಾಟು, ಬೂಟು, ಪಕ್ಕದಲ್ಲಿ ಫಿಜಿಯೋ ಎಲ್ಲ ಸಿಕ್ಕಿತು. 2021ರಲ್ಲಿ ಫಿಜಿಯೋಥೆರಪಿ ಸೇರಿದಂತೆ ಇಂಥ ವೃತ್ತಿಗಳಿಗಾಗಿಯೇ ಕೇಂದ್ರ ಸರ್ಕಾರದ ಕಾನೂನೂ ಬಂತು.

ಈಗ ಚೀಟಿಯ ವಿಷಯ. ಪ್ಲಾಸ್ಟರ್ ಬಿಚ್ಚಿದ ದಿನ ಅಣ್ಣನ ತೊಡೆ ನೋಡಿ ನನಗೇ ಅಳು ಬಂದಿತ್ತು, ಎಡಗಾಲಿನ ಅರ್ಧವೂ ಇರಲಿಲ್ಲ. ಅಲ್ಲಿದ್ದ ಕಿರಿಯ ಡಾಕ್ಟರು ಚೀಟಿಯಲ್ಲಿ ಫಿಜಿಯೋಥೆರಪಿ ಅಂತ ಬರೆದು, ದಿನಾ ಬರಬೇಕು, ಕಡಿಮೆಯೆಂದರೂ ಮೂರು ತಿಂಗಳು ಅಂದರು. ಮರುದಿನ ಇಬ್ಬರೂ ಹೋದೆವು. ದೊಡ್ಡ ಹಾಲು, ಗೋಡೆಗೆ ಕಂಬಿಗಳು. ಕ್ಯಾಲಿಪರ್ ಹಾಕಿದ ಮಕ್ಕಳು, ಲಕ್ವ ಹೊಡೆದ ಅಜ್ಜಂದಿರು. ಅಣ್ಣ ಬಾಗಿಲಲ್ಲೇ ನಿಂತ. "ನಂಗೆಂತ ಲಕ್ವ ಹೊಡ್ದಿದ್ಯಾ? ನಡೀಲಿಕ್ಕೆ ಆಗ್ತದಲ್ಲ, ಸಾಕು. ನಡಿ ಹೋಪ" ಅಂದ. ಹೋಟೆಲಿನಲ್ಲಿ ಆಗಲೇ ಎರಡು ತಿಂಗಳ ಸಂಬಳ ಹೋಗಿತ್ತು, ಊರಿಗೆ ದುಡ್ಡು ಕಳಿಸಬೇಕಿತ್ತು. ದಿನಾ ಎರಡು ಗಂಟೆ ಯಾರು ಬಿಡುತ್ತಾರೆ? ನಾನು ಓದಿದವನು, ಬಿಕಾಂ, ಬ್ಯಾಂಕಿನ ಕೆಲಸ. ಒಂದು ಮಾತು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಅದು ಔಷಧಿಯಲ್ಲ, ಮೇಲಿನ ಉಪಚಾರ ಅಂತಲೇ ಅನ್ನಿಸಿತ್ತು.

ಎಂಟನೇ ತಿಂಗಳಿಗೆ ಅಣ್ಣ ಒಮ್ಮೆ ಅಂಕಣಕ್ಕಿಳಿದ. ಮೊದಲ ರೈಡಿನಲ್ಲೇ ಮಂಡಿ ಜಾರಿತು. ಆಮೇಲೆ ಆಡಲಿಲ್ಲ. ಅವನು ಆ ಬಾಗಿಲಲ್ಲಿ ನಾಚಿಕೊಂಡದ್ದು ಯಾರನ್ನು ಕಂಡು ಅಂತ ಈಗ ಯೋಚಿಸಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಅಂಥ ಮಕ್ಕಳಿಗಾಗಿಯೇ ಈ ವಿದ್ಯೆ ಈ ಊರಿಗೆ ಬಂದದ್ದು. ಅವರ ಪಕ್ಕದ ಕಂಬಿ ಹಿಡಿದು ನಿಂತಿದ್ದರೆ ಸಾಕಿತ್ತು.

ಕಳೆದ ವರ್ಷ ಆ ಮಂಡಿ ಮತ್ತೆ ಊದಿತು. ಸವೆದಿದೆ ಅಂದರು. ಈ ಸಲ ನಾನು ಬಿಡಲಿಲ್ಲ, ಕೈಹಿಡಿದು ಕರೆದುಕೊಂಡು ಹೋದೆ. ಫಿಜಿಯೋಥೆರಪಿಸ್ಟ್ ನಮ್ಮ ಕಡೆಯ ಹುಡುಗಿಯೇ, ಮಂಗಳೂರಿನಲ್ಲಿ ಓದಿದವಳು. "ಮಾವ, ನೋವು ಹೋಗ್ಲಿ ಅಂತ ಕಾಯ್ಬೇಡಿ, ಕಾಲಿಗೆ ಕೆಲಸ ಕೊಡಿ" ಅಂದಳು. ಪಾದಕ್ಕೆ ಮರಳಿನ ಚೀಲ ಕಟ್ಟಿ, ಕುರ್ಚಿಯಲ್ಲಿ ಕೂತು ಕಾಲು ನೀಡುವುದು. ಹತ್ತು ಸಲ, ಮೂರು ಸರದಿ. ಷಿಕಾಗೋದ ಆ ಕಬ್ಬಿಣದ ಬೂಟೇ ಡೊಂಬಿವಿಲಿಗೆ ಬಂದ ಹಾಗಾಯಿತು. ಮೂವತ್ತು ವರ್ಷದ ಬಾಕಿ ಈಗ ಪೂರ್ತಿ ತೀರುವುದಿಲ್ಲ, ಅವಳೂ ಹಾಗೆ ಹೇಳಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅಣ್ಣ ಈಗ ಗೋಡೆ ಹಿಡಿಯುವುದಿಲ್ಲ.

ನಿಮ್ಮ ಮನೆಯಲ್ಲೂ ಎಲ್ಲೋ ಒಂದು ಫೈಲಿನಲ್ಲಿ ಅಂಥ ಚೀಟಿ ಇರಬಹುದು. ಮಗನದ್ದೋ, ಸೊಸೆಯದ್ದೋ, ನಿಮ್ಮದೇಯೋ. ಹುಡುಕಿ ನೋಡಿ.

ನಿನ್ನೆ ರಾತ್ರಿ ಇದನ್ನೆಲ್ಲ ಬರೆದು ಮುಗಿಸಿ ಅಣ್ಣನಿಗೆ ಫೋನ್ ಮಾಡಿದೆ, ಅವನ ಕತೆ ಬರೆದಿದ್ದೇನೆ, ಅಡ್ಡಿಯಿಲ್ಲವಾ ಅಂತ ಕೇಳಲು. ಅತ್ತಿಗೆ ಎತ್ತಿದರು. "ಐದು ನಿಮಿಷ ತಡೀರಿ, ಇನ್ನೂ ಮೂರನೇ ಸರದಿ ಆಗಿಲ್ಲ" ಅಂದರು. ಹಿಂದಿನಿಂದ ಅವನ ಎಣಿಕೆ ಕೇಳುತ್ತಿತ್ತು. ಏಳು... ಎಂಟು...